ವೈಫೈ ನಿಧಾನವಾದರೆ ಮೊದಲು ತಂತಿ, ಆಮೇಲೆ ಗಾಳಿ

(ಕಲಬುರಗಿಯಲ್ಲಿ ಕಚೇರಿಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಶರಣು ಶರಣಾರ್ಥಿ.

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಕಲಬುರಗಿ, ಸೇಡಂ, ಆಳಂದ, ಚಿತ್ತಾಪುರದ ಕಚೇರಿಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು. ಆಡಿಟರ್ ಕಚೇರಿ ಇರಲಿ, ಸೊಸೈಟಿ ಇರಲಿ, ಗಂಜಿನ ಅಡತ್ ಅಂಗಡಿ ಇರಲಿ, ದಾಲ್ ಮಿಲ್ಲಿನ ಲೆಕ್ಕದ ಕೋಣೆ ಇರಲಿ, ನಿಮ್ಮ ಕಿವಿಗೆ ಬೀಳುವ ದೂರು ಒಂದೇ: "ನೆಟ್ ಭಾಳ ಸ್ಲೋ ಅದರೀ." ದೂರು ಬಂದ ಕೂಡಲೇ ಸಾಮಾನ್ಯವಾಗಿ ಆಗುವುದು ಎರಡು ಕೆಲಸ. ತಿಂಗಳ ಪ್ಲಾನ್ ಏರಿಸುತ್ತಾರೆ, ಇಲ್ಲವೇ ವೈಫೈ ಪ್ರಸಾರ ಮಾಡುವ ಇನ್ನೊಂದು ಆಕ್ಸೆಸ್ ಪಾಯಿಂಟ್ (ಎಪಿ) ತಂದು ಹಾಕುತ್ತಾರೆ. ಮೊದಲನೆಯದರಿಂದ ದುಡ್ಡು ಹೋಗುತ್ತದೆ, ಅಷ್ಟೇ. ಎರಡನೆಯದರಿಂದ ಎಷ್ಟೋ ಸಲ ಇದ್ದ ವೇಗವೂ ಇಳಿಯುತ್ತದೆ. ಯಾಕೆ ಇಳಿಯುತ್ತದೆ ಎಂಬುದು ಇವತ್ತಿನ ಮಾತಿನ ತಿರುಳು. ಅದಕ್ಕೆ ಬರುವ ಮೊದಲು ಅಳತೆಯ ಕ್ರಮ ಹೇಳಬೇಕು.

ಇಂಟರ್ನೆಟ್ ನಿಮ್ಮ ಲ್ಯಾಪ್‌ಟಾಪಿಗೆ ಬರುವ ದಾರಿಯಲ್ಲಿ ಮೂರು ತುಂಡುಗಳಿವೆ. ಕಂಪನಿಯ ಫೈಬರ್ ಲೈನು ಓಎನ್‌ಯು ಪೆಟ್ಟಿಗೆಯವರೆಗೆ (ಫೈಬರಿನ ಬೆಳಕನ್ನು ತಂತಿಯ ಸಿಗ್ನಲ್ಲಾಗಿ ಬದಲಿಸುವ ಪೆಟ್ಟಿಗೆ). ಅಲ್ಲಿಂದ ರೂಟರ್, ಸ್ವಿಚ್ (ಹಲವು ನೆಟ್ ತಂತಿಗಳು ಕೂಡುವ ಪೆಟ್ಟಿಗೆ) ದಾಟಿ ಎಪಿವರೆಗೆ ತಂತಿ. ಎಪಿಯಿಂದ ಮುಂದೆ ಗಾಳಿ. ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಒತ್ತಿದರೆ ಈ ಮೂರೂ ಸೇರಿ ಒಂದೇ ಅಂಕಿ ಬರುತ್ತದೆ. ಯಾವ ತುಂಡು ಕೆಟ್ಟಿದೆ ಎಂದು ಆ ಅಂಕಿ ಹೇಳುವುದಿಲ್ಲ. ಹಾಗಾಗಿ ಒಂದೊಂದನ್ನೇ ಬೇರೆ ಮಾಡಿ ಅಳೆಯಬೇಕು.

ಮೊದಲನೆಯದು ಸುಲಭ. ಓಎನ್‌ಯುವಿನಿಂದ ಉಳಿದೆಲ್ಲ ತಂತಿ ಕಿತ್ತು, ಅದರ ವೈಫೈ ಬಂದ್ ಮಾಡಿ, ಒಂದು ಲ್ಯಾಪ್‌ಟಾಪನ್ನು ನೇರ ತಂತಿಯಿಂದ ಜೋಡಿಸಿ ಟೆಸ್ಟ್ ಮಾಡಿ. ಲ್ಯಾಪ್‌ಟಾಪಿನ ಪೋರ್ಟ್ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗದ್ದು ಇರಬೇಕು. 200 ಎಂಬಿಪಿಎಸ್ ಪ್ಲಾನಿಗೆ 190ರ ಆಸುಪಾಸು ಬಂದರೆ ಲೈನು ಸರಿ ಇದೆ. ಬರದಿದ್ದರೆ ಓಎನ್‌ಯುವಿನ ಪುಟದಲ್ಲಿ ಆಪ್ಟಿಕಲ್ ಪವರ್ ನೋಡಿ. ಅದು ಮೈನಸ್ 27 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ) ಹತ್ತಿರ ಹೋಗಿದ್ದರೆ ಫೈಬರ್ ಎಲ್ಲೋ ಮಡಚಿದೆ, ಇಲ್ಲವೇ ಜೋಡಣೆ ಹೊಲಸಾಗಿದೆ. ಅದು ಕಂಪನಿಯವರ ಕೆಲಸ, ಅಂಕಿ ಸಮೇತ ದೂರು ಕೊಡಿ.

ಎರಡನೆಯ ತುಂಡಿಗೆ ಇಂಟರ್ನೆಟ್ಟೇ ಬೇಡ. ಎರಡು ಕಂಪ್ಯೂಟರುಗಳ ನಡುವಿನ ವೇಗ ಅಳೆಯುವ ಐಪರ್ಫ್3 ಎಂಬ ಸಣ್ಣ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಒಂದು ಲ್ಯಾಪ್‌ಟಾಪನ್ನು ಸ್ವಿಚ್ಚಿಗೆ ತಂತಿಯಿಂದ ಜೋಡಿಸಿ ಸರ್ವರ್ ಮಾಡಿ. ಎಪಿಗೆ ಹೋಗುವ ತಂತಿಯನ್ನು ಎಪಿಯಿಂದ ಬಿಚ್ಚಿ ಇನ್ನೊಂದು ಲ್ಯಾಪ್‌ಟಾಪಿಗೆ ಹಾಕಿ. ಇಲ್ಲಿ ಒಂದು ಎಚ್ಚರಿಕೆ. ಆ ತಂತಿಯಲ್ಲಿ ಪಿಓಇ, ಅಂದರೆ ನೆಟ್ ತಂತಿಯಲ್ಲೇ ಎಪಿಗೆ ಹೋಗುವ ಕರೆಂಟ್ ಇರುತ್ತದೆ. 802.3ಎಎಫ್, 802.3ಎಟಿ ಎಂಬ ಪಿಓಇ ಮಾನದಂಡದ ಸ್ವಿಚ್ ಆಚೆ ತುದಿಯ ಯಂತ್ರವನ್ನು ವಿಚಾರಿಸಿಯೇ ಕರೆಂಟ್ ಬಿಡುತ್ತದೆ, ಆದ್ದರಿಂದ ಲ್ಯಾಪ್‌ಟಾಪಿಗೆ ಅಪಾಯವಿಲ್ಲ. 24 ವೋಲ್ಟಿನ ಪ್ಯಾಸಿವ್ ಇಂಜೆಕ್ಟರ್ (ನೆಟ್ ತಂತಿಗೆ ಕರೆಂಟ್ ಸೇರಿಸುವ ಸಣ್ಣ ಪೆಟ್ಟಿಗೆ) ಮಾತ್ರ ಏನನ್ನೂ ಕೇಳದೆ ಕರೆಂಟ್ ಬಿಡುತ್ತದೆ. ಅಂಥದಿದ್ದರೆ ಇಂಜೆಕ್ಟರನ್ನು ನಡುವಿನಿಂದ ತೆಗೆದು ತಂತಿಯನ್ನು ನೇರ ಸ್ವಿಚ್ಚಿಗೆ ಕೊಟ್ಟು ಅಳೆಯಿರಿ. ಟೆಸ್ಟ್ 30 ಸೆಕೆಂಡು ನಡೆಯಲಿ, ಒಟ್ಟಿಗೆ 4 ಸ್ಟ್ರೀಮ್ (ಡೇಟಾದ ಹರಿವು) ಇರಲಿ, ಹೋಗುವ ದಿಕ್ಕು ಬರುವ ದಿಕ್ಕು ಎರಡೂ ಆಗಲಿ. ತಂತಿ ಸರಿ ಇದ್ದರೆ 930-940 ಎಂಬಿಪಿಎಸ್ ಬರುತ್ತದೆ.

94ರ ಹತ್ತಿರ ಬಂತೋ, ದೋಷ ಸಿಕ್ಕಿತೆಂದು ತಿಳಿಯಿರಿ. ನಡುವೆ ಎಲ್ಲೋ ಒಂದು ಕಡೆ ಲಿಂಕು 100 ಎಂಬಿಪಿಎಸ್‌ಗೆ ಇಳಿದಿದೆ. ನಮ್ಮ ಭಾಗದ ಕಚೇರಿಗಳಲ್ಲಿ ಹುಡುಕಬೇಕಾದ ಮೊದಲ ಅಂಕಿ ಇದೇ.

ಯಾಕೆ ಇಳಿಯುತ್ತದೆ? ಈಥರ್ನೆಟ್ ತಂತಿಯೊಳಗೆ 8 ಎಳೆ, ಅಂದರೆ 4 ಜೋಡಿ. 100 ಎಂಬಿಪಿಎಸ್‌ಗೆ 2 ಜೋಡಿ ಸಾಕು: ಪಿನ್ 1, 2, 3 ಮತ್ತು 6. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ನೀಲಿ ಜೋಡಿ ಅಥವಾ ಕಂದು ಜೋಡಿಯಲ್ಲಿ ಒಂದೇ ಎಳೆ ತುಂಡಾಗಿದ್ದರೂ ಲಿಂಕು ಬರುತ್ತದೆ, ದೀಪ ಉರಿಯುತ್ತದೆ, ಪಿಂಗ್ ಹೋಗುತ್ತದೆ, ವೇಗ ಮಾತ್ರ 100ಕ್ಕೆ ನಿಲ್ಲುತ್ತದೆ. ಎಲ್ಲ ಸರಿ ಇದ್ದಂತೆ ಕಾಣುವುದರಿಂದ ಈ ದೋಷ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಆರ್‌ಜೆ45 ಪ್ಲಗ್ಗಿನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಪ್ಲಾಸ್ಟಿಕ್ಕಿನ ಕೊನೆಯವರೆಗೆ ಎಂಟೂ ಎಳೆ ಮುಟ್ಟಿವೆಯೇ? ಬಣ್ಣದ ಸಾಲು ಎರಡೂ ತುದಿಯಲ್ಲಿ ಒಂದೇ ಇದೆಯೇ? ಬಿ ಎಂಬ ರೂಢಿಯ ಬಣ್ಣದ ಕ್ರಮದಲ್ಲಿ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಬಣ್ಣಗಳನ್ನು ತಮಗೆ ತಿಳಿದಂತೆ ಜೋಡಿಸಿ ಎರಡೂ ಕಡೆ ಒಂದೇ ರೀತಿ ಇಟ್ಟವರೂ ಇದ್ದಾರೆ. ಅಗ್ಗದ ಟೆಸ್ಟರಿನಲ್ಲಿ ಎಂಟೂ ದೀಪ ಸಾಲಾಗಿ ಉರಿಯುತ್ತವೆ, ಆದರೆ ಒಂದು ಸಿಗ್ನಲ್ ಎರಡು ಬೇರೆ ಜೋಡಿಗಳಲ್ಲಿ ಹಂಚಿಹೋಗಿ ಹೊಸೆತದ ಪ್ರಯೋಜನ ಇಲ್ಲವಾಗುತ್ತದೆ. ಲಿಂಕು ತಡವರಿಸುತ್ತದೆ, ಪ್ಯಾಕೆಟ್ ಕೆಡುತ್ತವೆ.

ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಸಿಸಿಎ ತಂತಿಯ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ, ಅದನ್ನು ಎಪಿಗೆ ಹಾಕಬೇಡಿ. ಅದು ಅಲ್ಯೂಮಿನಿಯಮ್ಮಿಗೆ ತೆಳು ತಾಮ್ರ ಹೊದಿಸಿದ ಎಳೆ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ತಡೆ ಹೆಚ್ಚಾದ್ದರಿಂದ ಪಿಓಇ ವೋಲ್ಟೇಜು ದಾರಿಯಲ್ಲೇ ಕುಸಿಯುತ್ತದೆ. 802.3ಎಎಫ್ ಸ್ವಿಚ್ ಬಿಡುವುದು 15.4 ವ್ಯಾಟ್, ಆಚೆ ತುದಿಗೆ ಖಾತ್ರಿ ಇರುವುದು 12.95 ವ್ಯಾಟ್. 802.3ಎಟಿಯಲ್ಲಿ ಇದು 30 ಮತ್ತು 25.5. ಎಟಿ ಬೇಡುವ ಎಪಿಯನ್ನು ಎಎಫ್ ಸ್ವಿಚ್ಚಿಗೆ ಹಾಕಿದರೆ ಎಷ್ಟೋ ಮಾದರಿಗಳು ಬಂದ್ ಆಗುವುದಿಲ್ಲ. ಒಂದೆರಡು ಆಂಟೆನಾ ನಿಲ್ಲಿಸಿ, ಪ್ರಸಾರದ ಶಕ್ತಿ ಇಳಿಸಿ ಸುಮ್ಮನೆ ಕೆಲಸ ಮಾಡುತ್ತಿರುತ್ತವೆ. ಹೊರಗಿನಿಂದ ಗೊತ್ತಾಗುವುದೇ ಇಲ್ಲ. ಎಪಿಯ ಸ್ಟೇಟಸ್ ಪುಟದಲ್ಲಿ ಪವರ್ ಕಡಿಮೆ ಎಂಬ ಸೂಚನೆ ಇದೆಯೇ ನೋಡಿ.

ತಂತಿ ನೂರಕ್ಕೆ ನೂರು ಸರಿ ಇದ್ದೂ 94 ಬಂದರೆ ಪೆಟ್ಟಿಗೆಗಳ ಪೋರ್ಟ್ ಪರೀಕ್ಷಿಸಿ. ಡಬ್ಬಿಯ ಮೇಲೆ 1200 ಎಂದು ದೊಡ್ಡದಾಗಿ ಬರೆದು, ಹಿಂದೆ 100 ಎಂಬಿಪಿಎಸ್ ಪೋರ್ಟ್ ಇಟ್ಟ ಎಪಿಗಳು ಬೇಕಾದಷ್ಟಿವೆ. ಪಿಓಇ ಸ್ವಿಚ್ಚುಗಳಲ್ಲಿ ಎರಡು ಅಪ್‌ಲಿಂಕ್ ಮಾತ್ರ ಗಿಗಾಬಿಟ್ ಇದ್ದು, ಎಪಿ ಹಾಕುವ 4 ಅಥವಾ 8 ಪೋರ್ಟ್ 100ರವೇ ಇರುವುದೂ ಉಂಟು. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಇದು: ಪಿಓಇ ಪೋರ್ಟ್ ಗಿಗಾಬಿಟ್ ಇವೆಯೇ?

ಈಗ ಮೂರನೆಯ ತುಂಡು. ಅದೇ ಐಪರ್ಫ್3 ಟೆಸ್ಟನ್ನು ಎಪಿಯಿಂದ 3 ಮೀಟರ್ ದೂರದಲ್ಲಿ ವೈಫೈ ಮೇಲೆ ಮಾಡಿ, ಆಮೇಲೆ ದೂರು ಕೊಟ್ಟವರ ಕುರ್ಚಿಯಲ್ಲಿ ಕೂತು ಮಾಡಿ. ಲ್ಯಾಪ್‌ಟಾಪ್ ತೋರಿಸುವ ಲಿಂಕ್ ವೇಗದ 50ರಿಂದ 65 ಶೇಕಡಾ ಮಾತ್ರ ನಿಜವಾಗಿ ಕೈಗೆ ಸಿಗುವುದು. 866 ತೋರಿಸಿದರೆ 450ರಿಂದ 550 ಸಿಕ್ಕರೆ ಎಪಿ ಸರಿ ಕೆಲಸ ಮಾಡುತ್ತಿದೆ. ಹತ್ತಿರ ಚೆನ್ನಾಗಿ ಬಂದು ಕುರ್ಚಿಯಲ್ಲಿ ಬರದಿದ್ದರೆ ಸಮಸ್ಯೆ ಗೋಡೆ ಅಥವಾ ದೂರದ್ದು. ಹತ್ತಿರವೂ ಬರದಿದ್ದರೆ ಗಾಳಿಯೇ ತುಂಬಿಹೋಗಿದೆ.

ಗಾಳಿ ತುಂಬುವುದೆಂದರೆ ಏನು? ಈ ಸಭೆಯಲ್ಲಿ ಒಂದೇ ಮೈಕ್ ಇದೆ. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ವೈಫೈ ಚಾನೆಲ್ ಕೂಡ ಹಾಗೇ. ಆ ಚಾನೆಲ್ಲಿನಲ್ಲಿ ಇರುವ ನಿಮ್ಮ ಎಪಿ, ನಿಮ್ಮ ಲ್ಯಾಪ್‌ಟಾಪುಗಳು, ಮೇಲಿನ ಮಹಡಿಯವರ ಎಪಿ, ಪಕ್ಕದ ಅಂಗಡಿಯ ಕ್ಯಾಮೆರಾ ಎಲ್ಲವೂ ಸರದಿಯಲ್ಲೇ ಮಾತಾಡಬೇಕು. ಅಂದರೆ ಹಂಚಿಕೆಯಾಗುವುದು ವೇಳೆ. ಸಿಗ್ನಲ್ಲಿನ ಗೆರೆ ನಾಲ್ಕಕ್ಕೆ ನಾಲ್ಕೂ ಇದ್ದು ವೇಗ ಇಲ್ಲದಿರುವುದಕ್ಕೆ ಕಾರಣ ಇದು.

ಲೆಕ್ಕ ಹಾಕಿ ನೋಡೋಣ. 1500 ಬೈಟಿನ ಒಂದು ಪ್ಯಾಕೆಟ್ಟು ಅಂದರೆ 12,000 ಬಿಟ್. 433 ಎಂಬಿಪಿಎಸ್‌ನ ಫೋನಿಗೆ ಅದನ್ನು ಕಳಿಸಲು ಸುಮಾರು 28 ಮೈಕ್ರೋಸೆಕೆಂಡು ಸಾಕು. ಮೂಲೆಯ ಕೋಣೆಯಲ್ಲಿ 6 ಎಂಬಿಪಿಎಸ್‌ಗೆ ಇಳಿದ ಲ್ಯಾಪ್‌ಟಾಪಿಗೆ ಅದೇ ಪ್ಯಾಕೆಟ್ಟು 2,000 ಮೈಕ್ರೋಸೆಕೆಂಡು ತಿನ್ನುತ್ತದೆ. ಪ್ರತಿ ಪ್ಯಾಕೆಟ್ಟಿನ ಜೊತೆ ಹೋಗುವ ಹೆಚ್ಚುವರಿ ವೇಳೆ ಬಿಟ್ಟು ಹೇಳುವುದಾದರೆ ಅದು ಆ ಫೋನಿನ ಸುಮಾರು 70 ಪ್ಯಾಕೆಟ್ಟಿನ ವೇಳೆ. ಮೂಲೆಯವರು ದೊಡ್ಡ ಫೈಲ್ ಇಳಿಸತೊಡಗಿದರೆ ಎಪಿಯ ಕೆಳಗೇ ಕೂತವರಿಗೂ ನೆಟ್ ನಿಲ್ಲುತ್ತದೆ. ದೂರು ಕೊಡುವುದು ಎಪಿಯ ಕೆಳಗಿನವರು, ಕಾರಣ ಇರುವುದು ಮೂಲೆಯಲ್ಲಿ.

ಯಾರೂ ಏನೂ ಇಳಿಸದಿದ್ದರೂ ವೇಳೆ ಖರ್ಚಾಗುತ್ತಿರುತ್ತದೆ. ಪ್ರತಿ ಎಪಿ ತನ್ನ ಪ್ರತಿಯೊಂದು ವೈಫೈ ಹೆಸರಿಗೂ 102.4 ಮಿಲಿಸೆಕೆಂಡಿಗೊಮ್ಮೆ ಬೀಕನ್ (ತಾನಿಲ್ಲಿದ್ದೇನೆ ಎಂದು ಸಾರುವ ಸಂದೇಶ) ಕೂಗುತ್ತದೆ. 250 ಬೈಟಿನ ಬೀಕನ್ 1 ಎಂಬಿಪಿಎಸ್‌ನಲ್ಲಿ ಹೋದರೆ 2.2 ಮಿಲಿಸೆಕೆಂಡು ಬೇಕು. ಒಂದು ಹೆಸರಿಗೆ ಒಟ್ಟು ವೇಳೆಯ 2 ಶೇಕಡಾ ಚಿಲ್ಲರೆ ಹೋಯಿತು. ಸಾಹೇಬರಿಗೊಂದು, ಸಿಬ್ಬಂದಿಗೊಂದು, ಅತಿಥಿಗಳಿಗೊಂದು, ಸಿಸಿಟಿವಿಗೊಂದು, ಪ್ರಿಂಟರಿಗೊಂದು ಎಂದು 5 ಹೆಸರು ಇಟ್ಟು, ಒಂದೇ ಚಾನೆಲ್ಲಿನಲ್ಲಿ ಪರಸ್ಪರ ಕೇಳಿಸುವ 3 ಎಪಿ ಹಾಕಿದರೆ 15 ಬೀಕನ್. ವೇಳೆಯ ಮೂರನೇ ಒಂದು ಪಾಲು ಬರೀ ಹೆಸರು ಕೂಗುವುದಕ್ಕೇ ಹೋಯಿತು. ಹೊಸ ಎಪಿ ತಂದ ಮೇಲೆ ವೇಗ ಇಳಿಯುವುದು ಹೀಗೆ.

ಇದಕ್ಕೆ ಮದ್ದು ದುಬಾರಿಯಲ್ಲ. ಹೆಸರುಗಳನ್ನು ಎರಡಕ್ಕೆ, ಹೆಚ್ಚೆಂದರೆ ಮೂರಕ್ಕೆ ಇಳಿಸಿ. ಎಪಿಯ ಸೆಟ್ಟಿಂಗಿನಲ್ಲಿ ಕನಿಷ್ಠ ಡೇಟಾ ರೇಟ್ ಎಂಬುದಿದ್ದರೆ 12 ಎಂಬಿಪಿಎಸ್‌ಗೆ ಏರಿಸಿ. ಬೀಕನ್ ಕೂಡ ಆ ವೇಗದಲ್ಲಿ ಹೋಗುವುದರಿಂದ 2.2 ಮಿಲಿಸೆಕೆಂಡು 0.2ಕ್ಕೆ ಇಳಿಯುತ್ತದೆ. ಮೂಲೆಯಲ್ಲಿ ತೆವಳುವ ಯಂತ್ರವೂ ಹತ್ತಿರದ ಇನ್ನೊಂದು ಎಪಿಗೆ ಹಾರುತ್ತದೆ. ಬಹಳ ಹಳೆಯ ಬಾರ್‌ಕೋಡ್ ಯಂತ್ರ, ಹಾಜರಿ ಯಂತ್ರ ಇದ್ದರೆ ಮಾತ್ರ ಬದಲಾಯಿಸಿದ ಕೂಡಲೇ ಅವು ಕೂಡುತ್ತಿವೆಯೇ ಎಂದು ಪರೀಕ್ಷಿಸಿಕೊಳ್ಳಿ.

ಚಾನೆಲ್ ಆಯ್ಕೆಗೆ ಬರೋಣ. ವೈಫೈ ಸಾಮಾನ್ಯವಾಗಿ ನಡೆಯುವುದು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೋ ಪಟ್ಟಿಗಳಲ್ಲಿ (ಬ್ಯಾಂಡ್). 2.4 ಗಿಗಾಹರ್ಟ್ಸ್‌ನಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್ಲುಗಳ ನಂಬರ್ ಕಾಣಿಸುತ್ತವೆ, ಆದರೆ ಒಂದರಿಂದೊಂದಕ್ಕೆ ಅಂತರ 5 ಮೆಗಾಹರ್ಟ್ಸ್, ಒಂದರ ಅಗಲ 20. ಹೀಗಾಗಿ ಒಂದರ ಮೇಲೊಂದು ಬೀಳದಂತೆ ಸಿಗುವುದು ಮೂರೇ: 1, 6, 11. ನೆರೆಯವರು 6ರಲ್ಲಿದ್ದಾರೆಂದು ನೀವು 4 ಇಟ್ಟರೆ ಇನ್ನೂ ಕೆಟ್ಟದ್ದು. 6ರಲ್ಲೇ ಇದ್ದರೆ ಒಬ್ಬರನ್ನೊಬ್ಬರು ಕೇಳಿಸಿಕೊಂಡು ಸರದಿ ಹಂಚಿಕೊಳ್ಳುತ್ತೀರಿ. 4ರಲ್ಲಿದ್ದರೆ ನಿಮ್ಮದು ಅವರಿಗೆ ಬರೀ ಗದ್ದಲ, ಅವರದು ನಿಮಗೆ ಬರೀ ಗದ್ದಲ. 2.4ರಲ್ಲಿ ಅಗಲ 20ಕ್ಕೇ ಇರಲಿ. 40 ಇಟ್ಟರೆ ಲಿಂಕ್ ವೇಗ 144ರಿಂದ 300 ಎಂದು ತೋರಿಸುತ್ತದೆ, ಆದರೆ ಪಟ್ಟಿಯ ಅರ್ಧಭಾಗ ನುಂಗಿ ಎಲ್ಲರೊಂದಿಗೂ ಡಿಕ್ಕಿ ಹೊಡೆಯುತ್ತದೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶ, ಸ್ಟೇಷನ್ ರಸ್ತೆಯ ಕಾಂಪ್ಲೆಕ್ಸುಗಳಲ್ಲಿ ಸುತ್ತಲಿನ ವೈಫೈಗಳನ್ನು ತೋರಿಸುವ ವೈಫೈ ಅನಲೈಸರ್ ತೆರೆದರೆ 2.4ರಲ್ಲಿರುವ ಹೆಸರುಗಳ ಸಾಲು ಪರದೆ ತುಂಬಿ ಕೆಳಗೆ ಹೋಗುತ್ತದೆ. ಅಲ್ಲಿ ಲ್ಯಾಪ್‌ಟಾಪು, ಫೋನುಗಳನ್ನೆಲ್ಲ 5 ಗಿಗಾಹರ್ಟ್ಸ್‌ಗೆ ಸರಿಸುವುದೇ ದಾರಿ. 2018ರಲ್ಲಿ ನಮ್ಮ ದೇಶದಲ್ಲಿ 5150ರಿಂದ 5350 ಮತ್ತು 5470ರಿಂದ 5875 ಮೆಗಾಹರ್ಟ್ಸ್‌ವರೆಗೆ ಪರವಾನಗಿ ಇಲ್ಲದೆ ಬಳಸಲು ಬಿಟ್ಟಿದ್ದಾರೆ. ಜಾಗ ಧಾರಾಳವಾಗಿದೆ. ಒಂದೇ ಎಪಿ ಇದ್ದರೆ 80 ಅಗಲ ಇಡಿ. ಮೂರು-ನಾಲ್ಕು ಇದ್ದರೆ 40 ಇಟ್ಟು 36, 44, 149, 157 ಎಂದು ಹಂಚಿ. 52ರಿಂದ 144ರವರೆಗಿನವು ರಾಡಾರಿನೊಂದಿಗೆ ಹಂಚಿಕೊಳ್ಳುವ ಚಾನೆಲ್ಲುಗಳು. ಎಪಿ ಅಲ್ಲಿಗೆ ಹೋಗುವ ಮೊದಲು ಕನಿಷ್ಠ 60 ಸೆಕೆಂಡು ಕಿವಿಗೊಟ್ಟು ಕೇಳುತ್ತದೆ, ರಾಡಾರ್ ಎನಿಸಿದರೆ ಕೂಡಲೇ ಜಾಗ ಬಿಡುತ್ತದೆ, ಆಗ ಎಲ್ಲರ ಕನೆಕ್ಷನ್ ಕಡಿಯುತ್ತದೆ. ಬೀದರಿನ ವಾಯುನೆಲೆ, ಕಲಬುರಗಿಯ ವಿಮಾನ ನಿಲ್ದಾಣದ ಕಡೆ ಕಚೇರಿ ಇದ್ದವರು ದಿನಕ್ಕೆ ಹಲವು ಸಲ ಹೀಗಾಗುತ್ತಿದ್ದರೆ ಎಪಿಯ ಲಾಗಿನಲ್ಲಿ ರಾಡಾರ್ ಎಂಬ ದಾಖಲೆ ಇದೆಯೇ ಹುಡುಕಿ. ಇದ್ದರೆ 36-48 ಅಥವಾ 149-161ಕ್ಕೆ ಕಟ್ಟಿಹಾಕಿ.

ಆಟೋ ಚಾನೆಲ್ ನಂಬಬಹುದೇ? ನಮ್ಮ ಕಡೆ ಅದಕ್ಕೊಂದು ತೊಡಕಿದೆ. ಕರೆಂಟ್ ಹೋದಾಗ ನಿಮ್ಮ ಎಪಿ ಇನ್ವರ್ಟರ್ ಮೇಲೆ ಎದ್ದು ಸುತ್ತ ನೋಡುತ್ತದೆ. ನೆರೆಯವರ ಎಪಿಗಳು ಆರಿರುತ್ತವೆ, ಎಲ್ಲ ಚಾನೆಲ್ಲೂ ಖಾಲಿ ಕಾಣುತ್ತವೆ. ಒಂದನ್ನು ಹಿಡಿದು ಕೂರುತ್ತದೆ. ಕರೆಂಟ್ ಬಂದ ಮೇಲೆ ನಾಲ್ಕು ನೆರೆಯವರು ಅದೇ ಚಾನೆಲ್ಲಿಗೆ ಬಂದರೂ ಎಷ್ಟೋ ಎಪಿಗಳು ಮುಂದಿನ ರಿಸ್ಟಾರ್ಟ್‌ವರೆಗೆ ಜಾಗ ಬಿಡುವುದಿಲ್ಲ. ಬೆಳಿಗ್ಗೆ 11ರಿಂದ 12ರ ಜನ ತುಂಬಿದ ಹೊತ್ತಿನಲ್ಲಿ ಅನಲೈಸರ್ ಹಿಡಿದು ನೋಡಿ, ಚಾನೆಲ್ಲನ್ನು ಕೈಯಿಂದಲೇ ನಿಗದಿ ಮಾಡುವುದು ಮೇಲು.

ಇನ್ನು ಗೋಡೆ. ಹಳೆಯ ಬಡಾವಣೆಗಳ ಕಚೇರಿಗಳಲ್ಲಿ ಎರಡಡಿ ದಪ್ಪದ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಪರಸಿ, ಕೆಲವೆಡೆ ಛತ್ತಿಗೂ ಕಲ್ಲು. ಬೆಂಗಳೂರಿನ ಜಿಪ್ಸಂ ಗೋಡೆಗೆ ಹಾಕಿದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗೋಡೆಯ ಈ ಬದಿ ಒಂದು ಮೀಟರ್, ಆ ಬದಿ ಒಂದು ಮೀಟರ್ ನಿಂತು ಡಿಬಿಎಂ ಓದಿ, ಕಳೆಯಿರಿ. ಆ ಗೋಡೆ ಎಷ್ಟು ನುಂಗುತ್ತದೆಂದು ಗೊತ್ತಾಗುತ್ತದೆ. 10 ಡಿಬಿ ಅಂದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಆಚೆ ಮುಟ್ಟಿತು. ಕುರ್ಚಿಯ ಮೇಲೆ ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಒಳ್ಳೆಯದು ಸಿಗಬೇಕು. ಮೈನಸ್ 75 ದಾಟಿದರೆ ಕೆಲಸ ಆಗದು. ವಿಂಡೋಸ್ ಶೇಕಡಾ ತೋರಿಸುತ್ತದೆ, ಅದರ ಅರ್ಧ ತೆಗೆದುಕೊಂಡು 100 ಕಳೆಯಿರಿ: 66 ಶೇಕಡಾ ಅಂದರೆ ಮೈನಸ್ 67.

ಎಪಿಯನ್ನು ಕಬ್ಬಿಣದ ಅಲಮಾರಿಯ ಮೇಲೆ, ರ‍್ಯಾಕಿನೊಳಗೆ ಇಡಬೇಡಿ. ಬೇಸಿಗೆಯಲ್ಲಿ ಹೊಸದೊಂದು ಅಡ್ಡಿ ಬರುತ್ತದೆ, ಕೂಲರ್. ತಗಡಿನ ಮೈ, ಒಳಗೆ ನೀರು, ಎರಡೂ ಸಿಗ್ನಲ್ಲಿಗೆ ಕಂಟಕ. ಚಳಿಗಾಲದಲ್ಲಿ ಚೆನ್ನಾಗಿದ್ದ ಮೇಜಿಗೆ ಏಪ್ರಿಲ್‌ನಲ್ಲಿ ನೆಟ್ ಬರದಿದ್ದರೆ ಎಪಿಗೂ ಮೇಜಿಗೂ ನಡುವೆ ಕೂಲರ್ ಬಂದು ನಿಂತಿದೆಯೇ ನೋಡಿ. ತಗಡಿನ ಛಾವಣಿಗೆ ಹತ್ತಿಸಿ ಎಪಿ ಕಟ್ಟುವುದೂ ತಪ್ಪು. ಹೊರಗೆ 43 ಡಿಗ್ರಿ ಇದ್ದಾಗ ತಗಡಿನ ಕೆಳಗೆ ಇನ್ನೂ ಹೆಚ್ಚು. ಅನೇಕ ಎಪಿಗಳ ಮಿತಿ 40, ಕೆಲವದರ ಮಿತಿ 50 ಡಿಗ್ರಿ. ಮಧ್ಯಾಹ್ನ ಮಾತ್ರ ಸತಾಯಿಸುವ ಎಪಿಗೆ ಸಾಫ್ಟ್‌ವೇರ್ ಹಾಕುವ ಮೊದಲು ಅದನ್ನು ಎರಡಡಿ ಕೆಳಗಿಳಿಸಿ ನೋಡಿ.

ಉಳಿದ ಮೂರು ವಿಷಯ ಬೇಗ ಮುಗಿಸುತ್ತೇನೆ. ಪಾಸ್‌ವರ್ಡ್ ಭದ್ರತೆ ಟಿಕೆಐಪಿ ಎಂದಿದ್ದರೆ ವೇಗ 54 ದಾಟುವುದಿಲ್ಲ, ಡಬ್ಲ್ಯುಪಿಎ2 ಎಇಎಸ್ ಅಥವಾ ಡಬ್ಲ್ಯುಪಿಎ3 ಮಾಡಿ. ಡಬ್ಲ್ಯುಎಂಎಂ (ವೈಫೈಯಲ್ಲಿ ಯಾವ ಡೇಟಾಕ್ಕೆ ಆದ್ಯತೆ ಎಂಬ ಸೆಟ್ಟಿಂಗು) ಬಂದ್ ಇದ್ದರೂ ಅದೇ ಗತಿ. ಯಾರಾದರೂ ದೊಡ್ಡ ಬ್ಯಾಕಪ್ ಮೇಲಕ್ಕೆ ಕಳಿಸುವಾಗ ಎಲ್ಲರ ನೆಟ್ ಸತ್ತಂತಾಗಿ, ಪಿಂಗ್ 10 ಮಿಲಿಸೆಕೆಂಡಿನಿಂದ ನೂರಾರಕ್ಕೆ ಏರಿದರೆ ಅದು ರೂಟರಿನಲ್ಲಿ ಸರದಿ ಉದ್ದವಾದದ್ದು. ರೂಟರಿನ ವೇಗ ಹಂಚಿಕೆಯ ಸೆಟ್ಟಿಂಗಾದ ಕ್ಯೂಓಎಸ್‌ನಲ್ಲಿ ಅಪ್‌ಲೋಡ್ ಮಿತಿಯನ್ನು ಲೈನಿನ 85-90 ಶೇಕಡಾಕ್ಕೆ ಇಡಿ.

ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆಗಳು.

"ಸರ್, ಹಿಂದಿನ ಕೋಣಿಗೆ ತಂತಿ ಎಳಿಲಿಕ್ಕೆ ಬರಂಗಿಲ್ಲ. ರಿಪೀಟರ್ ಹಾಕಿದ್ರ ನಡಿತದೇನ್ರಿ?"

ನಡೆಯುತ್ತದೆ, ಆದರೆ ಒಂದೇ ರೇಡಿಯೋ ಇರುವ ರಿಪೀಟರ್ ಪ್ರತಿ ಪ್ಯಾಕೆಟ್ಟನ್ನೂ ಎರಡು ಸಲ ಗಾಳಿಗೆ ಬಿಡುತ್ತದೆ, ವೇಗ ಅರ್ಧ ಅಥವಾ ಅದಕ್ಕೂ ಕಡಿಮೆ. ಹಾಕಲೇಬೇಕೆಂದರೆ ಎರಡು ಪಟ್ಟಿಯದು (ಡ್ಯುಯಲ್ ಬ್ಯಾಂಡ್) ಕೊಂಡು, ಎಪಿಯ ಕಡೆಗೆ 5, ಕೋಣೆಯ ಕಡೆಗೆ 2.4 ಇಡಿ. ಸಿಗ್ನಲ್ ಸತ್ತ ಜಾಗದಲ್ಲಿ ಇಟ್ಟರೆ ಅದು ಸತ್ತ ಸಿಗ್ನಲ್ಲನ್ನೇ ಹಂಚುತ್ತದೆ, ಮೈನಸ್ 65 ಸಿಗುವ ನಡುದಾರಿಯಲ್ಲಿಡಿ. ಆದರೂ ಕಿಟಕಿಯ ಹೊರಗಿನಿಂದ ಬಿಸಿಲು ತಡೆಯುವ ಔಟ್‌ಡೋರ್ ಕ್ಯಾಟ್6 ನೆಟ್ ತಂತಿ ಎಳೆಯಲು ಬರುತ್ತದೆಯೇ ಎಂದು ಒಮ್ಮೆ ಸುತ್ತಿ ನೋಡಿ. 100 ಮೀಟರಿನೊಳಗೆ ಇದ್ದರೆ ತಂತಿಯೇ ಗೆಲ್ಲುತ್ತದೆ.

"ಪವರ್ ಹೈ ಇಟ್ರ ಛಲೋ ಅಲ್ಲೇನ್ರಿ ಸರ್?"

ಅಲ್ಲ. ಎಪಿ 20 ಡಿಬಿಎಂಗಿಂತ ಜೋರಾಗಿ ಕೂಗಬಲ್ಲದು, ಫೋನು ಸಾಮಾನ್ಯವಾಗಿ 12ರಿಂದ 15ರಲ್ಲಿ ಉತ್ತರಿಸುತ್ತದೆ. ಎಪಿಯ ಮಾತು ಫೋನಿಗೆ ಕೇಳಿಸುತ್ತದೆ, ಫೋನಿನ ಉತ್ತರ ಎಪಿಗೆ ಮುಟ್ಟುವುದಿಲ್ಲ. ಗೆರೆ ತುಂಬ ಇರುತ್ತವೆ, ಪುಟ ತೆರೆಯುವುದಿಲ್ಲ. ಒಂದಕ್ಕಿಂತ ಹೆಚ್ಚು ಎಪಿ ಇದ್ದಲ್ಲಿ ಫೋನು ದೂರದ ಎಪಿಯನ್ನೇ ಹಿಡಿದು ಕೂರುತ್ತದೆ, ಹತ್ತಿರದ್ದಕ್ಕೆ ಬರುವುದಿಲ್ಲ. 5 ಗಿಗಾಹರ್ಟ್ಸ್‌ಗೆ 17 ಡಿಬಿಎಂ, 2.4ಕ್ಕೆ ಅದಕ್ಕಿಂತ 6 ಕಡಿಮೆ, ಅಂದರೆ 11 ಇಟ್ಟು ಶುರು ಮಾಡಿ. ಕುರ್ಚಿ ಕುರ್ಚಿಗೆ ಹೋಗಿ ಅಳೆದು, ಮೈನಸ್ 67 ಸಿಗದ ಕಡೆ ಮಾತ್ರ ಒಂದೆರಡು ಡಿಬಿ ಏರಿಸಿ.